ಬೆಟ್ಟದ ಮೇಲಿನ ವಿಮಾನ ನಿಲ್ದಾಣ: ನಿರ್ವಹಣೆ ಮತ್ತು ಸುಧಾರಣೆ

ಹೈದರಾಬಾದ್ ನಗರದ ಬೇಗಂಪೇಟೆ ವಿಮಾನ ನಿಲ್ದಾಣವು ಹಲವು ದಶಕಗಳ ಕಾಲ ಆ ನಗರದ ಏಕೈಕ ನಾಗರಿಕ ನಿಲ್ದಾಣವಾಗಿತ್ತು. ನಗರವು ಬೆಳೆದು ನಿಲ್ದಾಣದ ಸುತ್ತಲೂ ಆವರಿಸಿಕೊಂಡಾಗ, ಪಕ್ಕದ ಬಯಲಿನಲ್ಲಿ ಹೊಸ ನಿಲ್ದಾಣವನ್ನು ಕಟ್ಟುವುದು ಸಾಧ್ಯವಾಯಿತು. ಶಂಷಾಬಾದಿನಲ್ಲಿ ಸುಮಾರು 5,500 ಎಕರೆ ಪ್ರದೇಶದಲ್ಲಿ ನಿರ್ಮಿಸಲಾದ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮಾರ್ಚ್ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿನ ಮುಖ್ಯ ರನ್‌ವೇಯ ಉದ್ದ 4,260 ಮೀಟರು. ದಖ್ಖನ್ ಪ್ರಸ್ಥಭೂಮಿಯ ವಿಶಾಲವಾದ ಸಮತಟ್ಟು ನೆಲವು ಈ ಸೌಲಭ್ಯವನ್ನು ಒದಗಿಸಿತು.

ಹೈದರಾಬಾದಿನಿಂದ ಹೊರಟ ವಿಮಾನವೊಂದು ಮಂಗಳೂರಿಗೆ ಬಂದಿಳಿಯುವಾಗ ಪರಿಸ್ಥಿತಿ ಬೇರೆಯೇ ಆಗಿರುತ್ತದೆ. ಮಂಗಳೂರಿನ ನಿಲ್ದಾಣವಿರುವುದು ಬಜ್ಪೆ ಮತ್ತು ಕೆಂಜಾರು ಗ್ರಾಮಗಳ ನಡುವಿನ ಗುಡ್ಡದ ಮೇಲೆ. ಅಲ್ಲಿನ ದೊಡ್ಡ ರನ್‌ವೇಯ ಉದ್ದ 2,450 ಮೀಟರು. ಅದರಾಚೆಗೆ ಸ್ವಲ್ಪ ದೂರದಲ್ಲೇ ನೆಲ ಮುಗಿದು ಕಣಿವೆ ಆರಂಭವಾಗುತ್ತದೆ. ಬಯಲಿನ ನಗರವು ತನ್ನ ನಿಲ್ದಾಣವನ್ನು ಸ್ಥಳಾಂತರಿಸಬಹುದು. ಗುಡ್ಡಗಾಡಿನ ಪಟ್ಟಣಕ್ಕೆ ಆ ಆಯ್ಕೆ ಸುಲಭವಾಗಿ ದೊರೆಯದು. ಆದುದರಿಂದ ಇಂತಹ ನಿಲ್ದಾಣಗಳನ್ನು ಹೇಗೆ ನಡೆಸಬೇಕು ಮತ್ತು ಯಾವುದನ್ನು ಮೊದಲು ಸುಧಾರಿಸಬೇಕು ಎಂಬುದು ಸಾರ್ವಜನಿಕರೂ ಅರಿತಿರಬೇಕಾದ ವಿಷಯವಾಗಿದೆ.

ಎತ್ತರ ಮತ್ತು ಅಂಚು

ಬೆಟ್ಟದ ನಿಲ್ದಾಣಗಳಿಗೆ ಮುಖ್ಯವಾಗಿ ಎರಡು ಬಗೆಯ ತೊಡಕುಗಳಿವೆ. ಮೊದಲನೆಯದು ಎತ್ತರಕ್ಕೆ ಸಂಬಂಧಿಸಿದ್ದು. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಅದು ಹೆಚ್ಚು ವೇಗವಾಗಿ ಓಡಬೇಕು. ಎಂಜಿನ್ನಿನ ಬಲವೂ ಕುಗ್ಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕಾಚಾರದ ಪ್ರಕಾರ, ಪ್ರತಿ 300 ಮೀಟರು ಎತ್ತರಕ್ಕೆ ರನ್‌ವೇಯ ಉದ್ದವನ್ನು ಶೇಕಡ 7ರಷ್ಟು ಹೆಚ್ಚಿಸಬೇಕು. ಆ ಎತ್ತರದ ಪ್ರಮಾಣಿತ ಉಷ್ಣತೆಗಿಂತ ಹೆಚ್ಚುವ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಮತ್ತೆ ಶೇಕಡ 1ರಷ್ಟು ಸೇರಿಸಬೇಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸಮುದ್ರಮಟ್ಟದಲ್ಲಿ 1,000 ಮೀಟರು ರನ್‌ವೇ ಸಾಕಾಗುವ ವಿಮಾನಕ್ಕೆ 1,500 ಮೀಟರು ಎತ್ತರದಲ್ಲಿ 1,350 ಮೀಟರು ಬೇಕಾಗುತ್ತದೆ. ಅಲ್ಲಿನ ಹಗಲಿನ ಉಷ್ಣತೆಯು ಪ್ರಮಾಣಿತ ಮಟ್ಟಕ್ಕಿಂತ 20 ಡಿಗ್ರಿಯಷ್ಟು ಅಧಿಕವಾಗಿದ್ದರೆ ಅಗತ್ಯವು 1,620 ಮೀಟರಿಗೆ ಏರುತ್ತದೆ. ಹಿಮಾಚಲ ಪ್ರದೇಶದ ರಾಜಧಾನಿ ಶಿಮ್ಲಾಕ್ಕೆ ಸೇರಿದ ಜುಬ್ಬರ್‌ಹಟ್ಟಿ ನಿಲ್ದಾಣವು 1,500 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಅಲ್ಲಿನ ರನ್‌ವೇಯ ಉದ್ದ ಸುಮಾರು 1,200 ಮೀಟರು ಮಾತ್ರ. ದೆಹಲಿಯಿಂದ ಅಲ್ಲಿಗೆ ಬರುವ ಚಿಕ್ಕ ವಿಮಾನವು ಮರಳಿ ಹೊರಡುವಾಗ ಕೆಲವು ಆಸನಗಳನ್ನು ಖಾಲಿ ಬಿಟ್ಟೇ ಮೇಲೇರಬೇಕಾಗಿ ಬಂದಿರುವುದು ಈ ಕಾರಣದಿಂದಲೇ.

ಎರಡನೆಯ ತೊಡಕು ಅಂಚಿಗೆ ಸಂಬಂಧಿಸಿದ್ದು. ಬಜ್ಪೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 100 ಮೀಟರು ಮಾತ್ರ. ಅಲ್ಲಿ ಗಾಳಿ ತೆಳುವಾಗುವ ಪ್ರಶ್ನೆ ಬಹುತೇಕ ಇಲ್ಲ. ಆದರೆ ಗುಡ್ಡದ ನೆತ್ತಿಯನ್ನು ಕಡಿದು, ತಗ್ಗುಗಳನ್ನು ತುಂಬಿಸಿ ಮೇಜಿನಂತೆ ಸಮತಟ್ಟುಗೊಳಿಸಿದ ನೆಲದ ಮೇಲೆ ರನ್‌ವೇಯನ್ನು ಹಾಸಲಾಗಿದೆ. ಇಂತಹ ನಿಲ್ದಾಣವನ್ನು ರೂಢಿಯಲ್ಲಿ ‘ಟೇಬಲ್‌ಟಾಪ್’ ಎನ್ನುತ್ತಾರೆ. ಬಯಲಿನಲ್ಲಿ ರನ್‌ವೇ ದಾಟಿದ ವಿಮಾನವು ಹುಲ್ಲು ಅಥವಾ ಮಣ್ಣಿನಲ್ಲಿ ಸಿಲುಕಿ ನಿಲ್ಲಬಹುದು. ಟೇಬಲ್‌ಟಾಪ್ ನಿಲ್ದಾಣದಲ್ಲಿ ಅದು ಕಣಿವೆಗೆ ಉರುಳುವ ಸಂಭವವುಂಟು. ತಪ್ಪು ಒಂದೇ ಆದರೂ ಅದಕ್ಕೆ ತೆರಬೇಕಾದ ಬೆಲೆ ಬೇರೆ.

ಬಜ್ಪೆ ನಿಲ್ದಾಣ ನಡೆದುಬಂದ ದಾರಿ

ಬಜ್ಪೆಯ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದಿನ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಕೋಟಾ ಮಾದರಿಯ ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ಆಗಿನ ರನ್‌ವೇಯ ಉದ್ದ ಸುಮಾರು 1,600 ಮೀಟರು. ಅಂದಿನ ಚಿಕ್ಕ ವಿಮಾನಗಳಿಗೆ ಅದು ಸಾಕಾಗಿತ್ತು. ಆದರೂ ಮಳೆಗಾಲದಲ್ಲಿ ಅದರ ಮಿತಿಯು ಗೋಚರವಾಗುತ್ತಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಎಚ್.ಎಸ್. 748 ವಿಮಾನವು ಒದ್ದೆಯಾದ ರನ್‌ವೇಯಲ್ಲಿ ನಿಲ್ಲಲಾರದೆ ಅಂಚನ್ನು ದಾಟಿತು. ಅದೃಷ್ಟವಶಾತ್ ಪ್ರಾಣಹಾನಿ ಸಂಭವಿಸಲಿಲ್ಲ. ಆದರೆ ವಿಮಾನವು ದುರಸ್ತಿಗೆ ಬಾರದಷ್ಟು ಜಖಂಗೊಂಡಿತು.

ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಮೆಗಾಗಿ ತೆರಳುವವರ ಸಂಖ್ಯೆ ಹೆಚ್ಚಿದಂತೆ ದೊಡ್ಡ ವಿಮಾನಗಳ ಬೇಡಿಕೆಯೂ ಹೆಚ್ಚಿತು. ಎರಡನೆಯ ರನ್‌ವೇಯ ಯೋಜನೆ ಸಿದ್ಧವಾದಾಗ, ಮನೆ ಮತ್ತು ತೋಟಗಳನ್ನು ಕಳೆದುಕೊಳ್ಳಲಿದ್ದ ಸ್ಥಳೀಯರು ವಿರೋಧ ವ್ಯಕ್ತಪಡಿಸಿದರು. ವಿಸ್ತರಣೆಗೆ ಈ ಗುಡ್ಡವು ಸುರಕ್ಷಿತವಾದ ಸ್ಥಳವೇ ಎಂಬ ಪ್ರಶ್ನೆಯನ್ನು 1997ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದಿಡಲಾಯಿತು. ಅರ್ಜಿಯು ವಜಾಗೊಂಡಿತು. ಸರ್ವೋಚ್ಚ ನ್ಯಾಯಾಲಯವೂ 2003ರಲ್ಲಿ ಯೋಜನೆಯನ್ನು ತಡೆಯಲಿಲ್ಲ. ಹೊಸ ರನ್‌ವೇಯು 2006ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ದುಬೈಗೆ ನೇರ ವಿಮಾನ ಸೇವೆಯೂ ಆರಂಭವಾಯಿತು. 2010ರ ಮೇ 15ರಂದು ಕೆಂಜಾರಿನಲ್ಲಿ ಹೊಸ ಪ್ರಯಾಣಿಕ ಕಟ್ಟಡ ಉದ್ಘಾಟನೆಗೊಂಡಿತು.

2010ರ ದುರಂತ ಮತ್ತು ಅದರ ಕಾರಣಗಳು

ಆ ಉದ್ಘಾಟನೆ ನಡೆದ ಒಂದು ವಾರಕ್ಕೆ, 2010ರ ಮೇ 22ರ ಬೆಳಗಿನ ಜಾವ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737 ವಿಮಾನವು ರನ್‌ವೇಯನ್ನು ಮೀರಿ ಹೋಗಿ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಮಂದಿಯ ಪೈಕಿ 158 ಮಂದಿ ಅಸುನೀಗಿದರು. ಎಂಟು ಮಂದಿ ಬದುಕುಳಿದರು. ಮನೆಗೆ ಮರಳುತ್ತಿದ್ದ ಕರಾವಳಿಯ ಮತ್ತು ಕಾಸರಗೋಡಿನ ಅನೇಕ ಕುಟುಂಬಗಳು ಆ ವಿಮಾನದಲ್ಲಿದ್ದವು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ದುರಂತದ ಕಾರಣಗಳನ್ನು ಕೂಲಂಕಷವಾಗಿ ಪರಿಶೀಲಿಸಿತು. ವಿಮಾನವು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಮತ್ತು ಹೆಚ್ಚು ವೇಗದಲ್ಲಿ ನಿಲ್ದಾಣವನ್ನು ಸಮೀಪಿಸಿತ್ತು. ಮುಖ್ಯ ಚಾಲಕರು ಪ್ರಯಾಣದ ಬಹುಭಾಗ ನಿದ್ರಿಸಿದ್ದು, ಇಳಿಯುವ ವೇಳೆಗೆ ಅವರ ವಿವೇಚನೆ ಪೂರ್ಣವಾಗಿ ಚುರುಕುಗೊಂಡಿರಲಿಲ್ಲವೆಂದು ತನಿಖೆಯು ತಿಳಿಸಿತು. ಇಳಿಯದೆ ಮತ್ತೆ ಮೇಲೇರುವಂತೆ ಸಹಚಾಲಕರು ಮೂರು ಬಾರಿ ಹೇಳಿದರೂ ಅದು ಪಾಲನೆಯಾಗಲಿಲ್ಲ. ಚಕ್ರಗಳು ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 1,580 ಮೀಟರು ಮುಂದೆ. ನಿಲ್ಲಿಸಲು ಉಳಿದದ್ದು ಸುಮಾರು 850 ಮೀಟರು. ಚಾಲಕರು ತಡೆಗಳನ್ನು ಬಳಸಿದ ನಂತರ, ನಿಯಮಕ್ಕೆ ವಿರುದ್ಧವಾಗಿ, ಮತ್ತೆ ಮೇಲೇರಲು ಯತ್ನಿಸಿದರು. ರನ್‌ವೇಯ ಆಚೆ ಕಾಂಕ್ರೀಟ್ ಅಡಿಪಾಯದ ಮೇಲೆ ನಿಲ್ಲಿಸಿದ್ದ ಮಾರ್ಗದರ್ಶಕ ಆಂಟೆನಾದ ಕಟ್ಟಡಕ್ಕೆ ರೆಕ್ಕೆಯು ಬಡಿಯಿತು. ಬಳಿಕ ವಿಮಾನವು ಕಣಿವೆಗೆ ಜಾರಿತು.

ಇನ್ನೊಂದು ಅಂಶವೂ ಗಮನಾರ್ಹ. ಮಂಗಳೂರಿನ ರೆಡಾರ್ ಆ ದಿನಗಳಲ್ಲಿ ಕೆಟ್ಟಿತ್ತು. ಆ ಕಾರಣ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ದೊರೆತದ್ದು ಎಂದಿಗಿಂತ ಕಡಿಮೆ ದೂರದಲ್ಲಿ. ಉಳಿದ ದೂರಕ್ಕೆ ತಕ್ಕಂತೆ ಚಾಲಕರು ಇಳಿಕೆಯನ್ನು ಯೋಜಿಸಲಿಲ್ಲ. ಮುಖ್ಯ ಹೊಣೆಯು ಚಾಲಕರ ನಿರ್ಧಾರಗಳದ್ದೇ ಎಂದು ತನಿಖೆಯು ತೀರ್ಮಾನಿಸಿದರೂ, ನೆಲದ ಮೇಲಿನ ವ್ಯವಸ್ಥೆಗಳ ಕುರಿತು ಅದು ಮಾಡಿದ ಶಿಫಾರಸುಗಳು ಕಡಿಮೆ ಮಹತ್ವದವಲ್ಲ. ಮನುಷ್ಯನು ತಪ್ಪು ಮಾಡುವನೆಂದು ಭಾವಿಸಿಯೇ ನಿಲ್ದಾಣವನ್ನು ರೂಪಿಸಬೇಕಾಗುತ್ತದೆ.

ಹತ್ತು ವರ್ಷಗಳ ತರುವಾಯ, 2020ರ ಆಗಸ್ಟ್ 7ರಂದು, ಕೇರಳದ ಕೋಝಿಕ್ಕೋಡ್ ನಿಲ್ದಾಣದಲ್ಲಿ ಇದೇ ಬಗೆಯ ಅಪಘಾತ ಸಂಭವಿಸಿತು. ಅದೂ ಟೇಬಲ್‌ಟಾಪ್ ನಿಲ್ದಾಣ. ಆಗ ಮಳೆ ಸುರಿಯುತ್ತಿತ್ತು. ಹಿಂಬದಿಯಿಂದ ಗಾಳಿ ಬೀಸುತ್ತಿತ್ತು. ವಿಮಾನವು ಅಲ್ಲಿಯೂ ನಿಗದಿತ ಜಾಗವನ್ನು ದಾಟಿ ನೆಲ ಮುಟ್ಟಿತು. ಇಬ್ಬರೂ ಚಾಲಕರು ಸೇರಿ 21 ಮಂದಿ ಮೃತಪಟ್ಟರು.

ಮೊದಲು ಸುಧಾರಿಸಬೇಕಾದುದು ಯಾವುದು?

ನಿಲ್ದಾಣದ ಅಭಿವೃದ್ಧಿ ಎಂದೊಡನೆ ಜನರ ಕಣ್ಣೆದುರಿಗೆ ಬರುವುದು ಗಾಜಿನ ಕಟ್ಟಡ, ಅಂಗಡಿಗಳು, ವಿಶಾಲವಾದ ವಾಹನ ನಿಲುಗಡೆ. ಇವು ಅವಶ್ಯಕವಾದವುಗಳೇ ಹೌದು. ಆದರೆ ಬೆಟ್ಟದ ನಿಲ್ದಾಣದಲ್ಲಿ ಮೊದಲ ಹಣವು ವ್ಯಯವಾಗಬೇಕಾದುದು ಪ್ರಯಾಣಿಕರ ಕಣ್ಣಿಗೆ ಬೀಳದ ಸ್ಥಳದಲ್ಲಿ, ಅಂದರೆ ರನ್‌ವೇಯ ತುದಿಯಾಚೆ.

ರನ್‌ವೇ ಮುಗಿದ ಮೇಲೆ 60 ಮೀಟರು ಸಮತಟ್ಟಾದ ಪಟ್ಟಿಯಿರಬೇಕು. ಅದರ ಆಚೆ ‘ರನ್‌ವೇ ಅಂತ್ಯದ ಸುರಕ್ಷಾ ಪ್ರದೇಶ’ ಇರಬೇಕು. ಅಂತರರಾಷ್ಟ್ರೀಯ ನಿಯಮದಂತೆ ಇದು ಕನಿಷ್ಠ 90 ಮೀಟರು ಇರಲೇಬೇಕು. 240 ಮೀಟರು ಇರುವುದು ಉಚಿತವೆಂದು ಶಿಫಾರಸು ಮಾಡಲಾಗಿದೆ. 2010ರಲ್ಲಿ ಬಜ್ಪೆಯಲ್ಲಿ ಇದ್ದುದು 90 ಮೀಟರು. ಕನಿಷ್ಠ ನಿಯಮದ ಪಾಲನೆಯಾಗಿತ್ತು. ಕಣಿವೆಯು ಮಾತ್ರ ಅದರ ಪಕ್ಕದಲ್ಲೇ ಇತ್ತು.

ಈ ಪ್ರದೇಶವನ್ನು ವಿಸ್ತರಿಸಲು ಮೂರು ಮಾರ್ಗಗಳಿವೆ. ಮೊದಲನೆಯದು, ಕಣಿವೆಯಿಂದ ತಡೆಗೋಡೆ ಎಬ್ಬಿಸಿ ಮಣ್ಣು ತುಂಬಿಸುವುದು. ಇದು ದುಬಾರಿ, ಜೊತೆಗೆ ಕೆಳಗಿನ ಮನೆ, ಗದ್ದೆ, ತೋಟಗಳನ್ನು ಸ್ವಾಧೀನಪಡಿಸಿಕೊಳ್ಳಬೇಕಾಗುತ್ತದೆ. ಎರಡನೆಯದು, ಹಗುರವಾದ ರಂಧ್ರಯುಕ್ತ ಕಾಂಕ್ರೀಟಿನ ಹಾಸನ್ನು ತುದಿಯಲ್ಲಿ ಅಳವಡಿಸುವುದು. ವಿಮಾನದ ಚಕ್ರಗಳು ಇದರ ಮೇಲೇರಿದೊಡನೆ ಹಾಸು ಪುಡಿಯಾಗಿ ಚಕ್ರಗಳು ಹೂತುಕೊಳ್ಳುತ್ತವೆ. ಕಡಿಮೆ ದೂರದಲ್ಲಿ ವಿಮಾನ ನಿಲ್ಲುತ್ತದೆ. ಮೂರನೆಯದು, ಇರುವ ರನ್‌ವೇಯ ಒಂದು ಭಾಗವನ್ನೇ ಸುರಕ್ಷಾ ಪ್ರದೇಶವೆಂದು ಘೋಷಿಸಿ, ಬಳಸಬಹುದಾದ ಉದ್ದವನ್ನು ಕಡಿಮೆ ಮಾಡುವುದು. ಇದಕ್ಕೆ ಜಮೀನು ಬೇಕಾಗುವುದಿಲ್ಲ. ಆದರೆ ವಿಮಾನಗಳು ಹೊರಬಹುದಾದ ಭಾರ ಕಡಿಮೆಯಾಗುತ್ತದೆ. ದೂರದ ಊರುಗಳ ಸೇವೆ ಕೈತಪ್ಪಬಹುದು. ಹೀಗೆ ಪ್ರತಿಯೊಂದು ಮಾರ್ಗಕ್ಕೂ ಬೆಲೆಯುಂಟು: ಒಂದರಲ್ಲಿ ರೈತನ ಭೂಮಿ, ಇನ್ನೊಂದರಲ್ಲಿ ಬೊಕ್ಕಸದ ಹಣ, ಮತ್ತೊಂದರಲ್ಲಿ ಪ್ರಯಾಣಿಕರ ಅನುಕೂಲ. ಈ ಆಯ್ಕೆಯನ್ನು ದುರಂತಕ್ಕೆ ಮುನ್ನವೇ ಮಾಡುವುದು ವಿವೇಕದ ಲಕ್ಷಣ. ಭೂಮಿಯನ್ನು ಬಿಟ್ಟುಕೊಡುವವರಿಗೆ ನ್ಯಾಯವಾದ ಪರಿಹಾರ ಮತ್ತು ಪುನರ್ವಸತಿಯು ಸಕಾಲದಲ್ಲಿ ದೊರೆಯಬೇಕು. ಅದು ದೊರೆಯದಿದ್ದಲ್ಲಿ ಸುರಕ್ಷತೆಯ ಕಾಮಗಾರಿಯೇ ವರ್ಷಗಟ್ಟಲೆ ನಿಂತುಹೋಗುತ್ತದೆ.

ಇದಲ್ಲದೆ, ರನ್‌ವೇಯ ಸಮೀಪದಲ್ಲಿ ನಿಲ್ಲಿಸುವ ಕಂಬ, ದೀಪ, ಆಂಟೆನಾ ಮೊದಲಾದವು ತಾಗಿದೊಡನೆ ಮುರಿದುಬೀಳುವಂತಿರಬೇಕು. ಅವುಗಳ ಅಡಿಪಾಯವು ನೆಲಮಟ್ಟಕ್ಕಿಂತ ಮೇಲೆ ಚಾಚಿಕೊಂಡಿರಬಾರದು. ಅಲ್ಪ ವೆಚ್ಚದ ಈ ಸುಧಾರಣೆಯು ಅನೇಕ ಜೀವಗಳನ್ನು ಉಳಿಸಬಲ್ಲದು.

ದಿನನಿತ್ಯದ ನಿರ್ವಹಣೆ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿಯುತ್ತದೆ. ರನ್‌ವೇಯ ಮೇಲೆ ನೀರಿನ ತೆಳುವಾದ ಪದರ ನಿಂತರೂ ವೇಗವಾಗಿ ಓಡುವ ಚಕ್ರಗಳು ನೆಲವನ್ನು ಮುಟ್ಟದೆ ನೀರಿನ ಮೇಲೆಯೇ ತೇಲುತ್ತವೆ, ಬ್ರೇಕು ಹಿಡಿಯುವುದಿಲ್ಲ. ವಿಮಾನಗಳು ಇಳಿಯುವ ಜಾಗದಲ್ಲಿ ಟೈರುಗಳ ರಬ್ಬರು ಅಂಟಿಕೊಂಡು ನುಣುಪಾದ ಪದರ ಬೆಳೆಯುತ್ತದೆ. ಮಳೆ ಬಿದ್ದಾಗ ಅದು ಮತ್ತಷ್ಟು ಜಾರುತ್ತದೆ. ಆದುದರಿಂದ ಮಳೆಗಾಲಕ್ಕೆ ಮುಂಚೆಯೇ ರಬ್ಬರನ್ನು ತೆಗೆಯುವುದು, ಮೇಲ್ಮೈಯ ಹಿಡಿತವನ್ನು ವಿಶೇಷ ವಾಹನದಿಂದ ಅಳೆಯುವುದು, ಚರಂಡಿಗಳನ್ನು ಶುಚಿಗೊಳಿಸುವುದು ಅತ್ಯವಶ್ಯ.

ಗುಡ್ಡದ ಇಳಿಜಾರುಗಳ ನಿಗಾ ಕೂಡ ಇಷ್ಟೇ ಮುಖ್ಯ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಂಗುತ್ತದೆ. ತುಂಬಿಸಿದ ಮಣ್ಣಿನೊಳಗೆ ನೀರು ಸೇರಿಕೊಂಡರೆ ಅಂಚು ಕುಸಿಯಬಹುದು. ಮೇಲಿನಿಂದ ರಭಸವಾಗಿ ಹರಿದುಬರುವ ನೀರು ಕೆಳಗಿನವರ ಗದ್ದೆಗಳಿಗೆ ನುಗ್ಗಬಹುದು. ನೀರಿಗೆ ಸರಿಯಾದ ದಾರಿ ಮಾಡಿಕೊಡುವುದು ನಿಲ್ದಾಣದ ಕರ್ತವ್ಯವೂ ಹೌದು, ನೆರೆಹೊರೆಯ ಧರ್ಮವೂ ಹೌದು.

2023ರ ಮೊದಲ ತಿಂಗಳುಗಳಲ್ಲಿ ಮಂಗಳೂರಿನ ದೊಡ್ಡ ರನ್‌ವೇಗೆ ಹೊಸ ಮೇಲ್ಪದರವನ್ನು ಹಾಸಲಾಯಿತು. ಹಗಲಿನಲ್ಲಿ ರನ್‌ವೇಯನ್ನು ಮುಚ್ಚಿ ಕೆಲಸ ನಡೆಸಿ, ಸಂಜೆ ವಿಮಾನಗಳಿಗೆ ತೆರೆಯಲಾಗುತ್ತಿತ್ತು. ದೊಡ್ಡ ವಿಮಾನಗಳಿಗೆ ಬಳಸಲು ಬೇರೊಂದು ರನ್‌ವೇ ಇಲ್ಲದ ಊರಿನಲ್ಲಿ ದುರಸ್ತಿಯನ್ನು ಮಳೆಗಾಲದ ಮೊದಲೇ, ಹೀಗೆ ಗಂಟೆಗಳ ಲೆಕ್ಕದಲ್ಲಿ ನಡೆಸಬೇಕಾಗುತ್ತದೆ.

ಅಗ್ನಿಶಾಮಕ ವ್ಯವಸ್ಥೆಯ ಕುರಿತಾದ ನಿಯಮ ಸ್ಪಷ್ಟವಾಗಿದೆ. ರನ್‌ವೇಯ ಯಾವುದೇ ಸ್ಥಳಕ್ಕೆ ಮೂರು ನಿಮಿಷಗಳೊಳಗೆ ವಾಹನ ತಲುಪಬೇಕು. ಆದರೆ ವಿಮಾನವು ಕಣಿವೆಗೆ ಬಿದ್ದರೆ ಮೇಲಿನ ವಾಹನಗಳು ಕೆಳಗಿಳಿಯಲಾರವು. ಹೊರಗಿನ ಹಳ್ಳಿಯ ರಸ್ತೆಗಳ ಮೂಲಕವೇ ಅಲ್ಲಿಗೆ ಹೋಗಬೇಕು. ಈ ರಸ್ತೆಗಳನ್ನು ಅಗಲಗೊಳಿಸುವುದು ಮತ್ತು ವರ್ಷವೂ ಅಣಕು ಕಾರ್ಯಾಚರಣೆ ನಡೆಸುವುದು ನಿಲ್ದಾಣದ ಬೇಲಿಯ ಹೊರಗಿನ ಕೆಲಸವಾದರೂ ನಿಲ್ದಾಣದ ಸುರಕ್ಷತೆಯ ಅಂಗವೇ ಆಗಿದೆ.

ಆದಾಯದ ಪ್ರಶ್ನೆ

ಇಷ್ಟೆಲ್ಲ ವೆಚ್ಚವನ್ನು ಸಣ್ಣ ನಿಲ್ದಾಣವು ಎಲ್ಲಿಂದ ಭರಿಸಬೇಕು? ವಿಮಾನ ಇಳಿಯುವ ಮತ್ತು ನಿಲ್ಲುವ ಶುಲ್ಕ, ಪ್ರಯಾಣಿಕರ ಶುಲ್ಕ, ಅಂಗಡಿ ಬಾಡಿಗೆ, ವಾಹನ ನಿಲುಗಡೆ, ಸರಕು ಸಾಗಣೆ ಇವು ಆದಾಯದ ಮೂಲಗಳು. ದಿನಕ್ಕೆ ಒಂದೆರಡು ವಿಮಾನಗಳು ಬರುವಲ್ಲಿ ಇವುಗಳಿಂದ ಸಿಬ್ಬಂದಿಯ ಸಂಬಳವೂ ಹುಟ್ಟುವುದಿಲ್ಲ. ಅಗ್ನಿಶಾಮಕ ದಳವನ್ನು ಮಾತ್ರ ಒಂದು ವಿಮಾನ ಬಂದರೂ ಹತ್ತು ಬಂದರೂ ಸಿದ್ಧವಾಗಿಡಲೇಬೇಕು.

ಈ ಕೊರತೆಯನ್ನು ನೀಗಿಸುವ ಸಲುವಾಗಿ ಕೇಂದ್ರ ಸರ್ಕಾರವು ‘ಉಡಾನ್’ ಎಂಬ ಪ್ರಾದೇಶಿಕ ಸಂಪರ್ಕ ಯೋಜನೆಯನ್ನು ಜಾರಿಗೆ ತಂದಿತು. ಯೋಜನೆಯ ಮೊದಲ ಸೇವೆಗಳು 2017ರ ಏಪ್ರಿಲ್ 27ರಂದು ಆರಂಭಗೊಂಡವು. ಅವುಗಳಲ್ಲಿ ಒಂದು ಶಿಮ್ಲಾ ಮತ್ತು ದೆಹಲಿಯ ನಡುವೆ. ಇನ್ನೆರಡು ಹೈದರಾಬಾದಿನಿಂದ ಕಡಪ ಮತ್ತು ನಾಂದೇಡ್ ಪಟ್ಟಣಗಳಿಗೆ. ಅದೇ ವರ್ಷ ಬಳ್ಳಾರಿ ಸಮೀಪದ ವಿದ್ಯಾನಗರಕ್ಕೂ ಹೈದರಾಬಾದಿನಿಂದ ಸೇವೆ ದೊರೆಯಿತು. ವಿಮಾನದ ಕೆಲವು ಆಸನಗಳ ದರಕ್ಕೆ ಮಿತಿ ವಿಧಿಸಿ, ಅದರಿಂದಾಗುವ ಕೊರತೆಯನ್ನು ಮೂರು ವರ್ಷಗಳ ಕಾಲ ಸರ್ಕಾರವು ತುಂಬಿಕೊಡುವುದು ಯೋಜನೆಯ ತಿರುಳು. ರಾಜ್ಯ ಸರ್ಕಾರಗಳು ಇಂಧನದ ಮೇಲಿನ ತೆರಿಗೆಯನ್ನು ಇಳಿಸಿ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯನ್ನು ಉಚಿತವಾಗಿ ಒದಗಿಸಬೇಕು.

ಸಣ್ಣ ಪಟ್ಟಣದ ನಿಲ್ದಾಣಕ್ಕೆ ಹೈದರಾಬಾದಿನಂತಹ ದೊಡ್ಡ ನಿಲ್ದಾಣದ ಸಂಪರ್ಕವು ಜೀವನಾಡಿಯಿದ್ದಂತೆ. ಅಲ್ಲಿಂದ ಪ್ರಯಾಣಿಕರು ದೇಶದ ಇತರ ಕಡೆಗಳಿಗೆ ಮುಂದುವರಿಯಬಹುದು. ಆದರೆ ಸಹಾಯಧನದ ಅವಧಿ ಮುಗಿದ ಮೇಲೆ ಅಥವಾ ಸೇವೆ ನೀಡುತ್ತಿದ್ದ ಸಂಸ್ಥೆ ನಿಂತುಹೋದ ಮೇಲೆ ಅನೇಕ ಮಾರ್ಗಗಳು ಬರಿದಾದವು. ಸಿಕ್ಕಿಂ ರಾಜ್ಯದ ಪಾಕ್ಯಾಂಗ್‌ನಲ್ಲಿ ಬೆಟ್ಟವನ್ನು ಕಡಿದು, ಎತ್ತರದ ತಡೆಗೋಡೆ ಕಟ್ಟಿ ನಿರ್ಮಿಸಿದ ನಿಲ್ದಾಣವು 2018ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಚಾಲಕರು ಕಣ್ಣಿನ ಅಳತೆಯಿಂದಲೇ ಇಳಿಯಬೇಕಾಗಿದ್ದ ಆ ನಿಲ್ದಾಣದಲ್ಲಿ ಮಂಜು ಮುಸುಕಿದಾಗಲೆಲ್ಲ ಸೇವೆ ರದ್ದಾಗುತ್ತಿತ್ತು. 2019ರಲ್ಲಿ ಅದು ಸಂಪೂರ್ಣ ನಿಂತು, 2021ರಲ್ಲಿ ಮತ್ತೆ ಆರಂಭವಾಗಿ, 2024ರಲ್ಲಿ ಪುನಃ ಸ್ಥಗಿತಗೊಂಡಿತು. ಕಟ್ಟಡವನ್ನು ಕಟ್ಟಿದ ಮಾತ್ರಕ್ಕೆ ವಿಮಾನಗಳು ಬಾರವು. ಮಂಜಿನಲ್ಲೂ ದಾರಿ ತೋರಿಸುವ ಉಪಕರಣ ಮತ್ತು ವರ್ಷಪೂರ್ತಿ ಪ್ರಯಾಣಿಕರು ಇದ್ದಾಗ ಮಾತ್ರ ಸೇವೆಯು ನೆಲೆಗೊಳ್ಳುತ್ತದೆ.

ಸ್ಥಳೀಯ ಸಂಸ್ಥೆಗಳು ಮತ್ತು ನಾಗರಿಕರು

ಭಾರತದಲ್ಲಿ ವಿಮಾನ ನಿಲ್ದಾಣಗಳನ್ನು ಸಾಮಾನ್ಯವಾಗಿ ಪುರಸಭೆಗಳು ನಡೆಸುವುದಿಲ್ಲ. 1995ರಲ್ಲಿ ಸ್ಥಾಪನೆಯಾದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಬಹುಪಾಲು ನಿಲ್ದಾಣಗಳನ್ನು ನೋಡಿಕೊಳ್ಳುತ್ತದೆ. ಮಂಗಳೂರಿನ ನಿಲ್ದಾಣವನ್ನು 2020ರ ಅಕ್ಟೋಬರ್ 31ರಂದು 50 ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಮೂಹಕ್ಕೆ ವಹಿಸಲಾಯಿತು. ವಾಯು ಸಂಚಾರ ನಿಯಂತ್ರಣವು ಪ್ರಾಧಿಕಾರದಲ್ಲೇ ಉಳಿಯಿತು. ಸುರಕ್ಷತೆಯ ನಿಯಮಗಳನ್ನು ರೂಪಿಸಿ ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕಾರ್ಯ.

ಹೀಗಿದ್ದರೂ ಪಂಚಾಯಿತಿ, ಪುರಸಭೆ ಮತ್ತು ನಾಗರಿಕರ ಪಾತ್ರ ಹಿರಿದು. ತೆರೆದ ಸ್ಥಳದಲ್ಲಿ ಸುರಿದ ಕಸ ಮತ್ತು ಮಾಂಸದ ತ್ಯಾಜ್ಯವು ಹದ್ದು, ಗಿಡುಗಗಳನ್ನು ಆಕರ್ಷಿಸುತ್ತದೆ. ಎಂಜಿನ್ನಿಗೆ ಸಿಲುಕಿದ ಒಂದು ಹಕ್ಕಿಯೇ ವಿಮಾನವನ್ನು ಅಪಾಯಕ್ಕೆ ದೂಡಬಲ್ಲದು. ಈ ಕಾರಣ 1937ರ ವಿಮಾನ ನಿಯಮಗಳ 91ನೆಯ ನಿಯಮವು ನಿಲ್ದಾಣದ ಸುತ್ತಲಿನ 10 ಕಿಲೋಮೀಟರು ವ್ಯಾಪ್ತಿಯಲ್ಲಿ ಬಯಲಿನಲ್ಲಿ ಪ್ರಾಣಿವಧೆ ಮಾಡುವುದನ್ನೂ ಕಸ ಸುರಿಯುವುದನ್ನೂ ನಿಷೇಧಿಸಿತು. ವಿಮಾನಗಳ ಮಾರ್ಗದಲ್ಲಿ ಎತ್ತರದ ಕಟ್ಟಡ ಅಥವಾ ಗೋಪುರ ಕಟ್ಟುವ ಮುನ್ನ ಪ್ರಾಧಿಕಾರದ ಅನುಮತಿ ಪಡೆಯಬೇಕು. ಗುಡ್ಡದ ಇಳಿಜಾರಿನಲ್ಲಿ ಮಣ್ಣು ಅಗೆಯುವುದನ್ನು ತಡೆಯಬೇಕು. ಅಪಘಾತ ಸಂಭವಿಸಿದಾಗ ನೋಡಲು ಮುತ್ತುವ ಜನರಿಂದ ಆಂಬುಲೆನ್ಸ್‌ಗಳ ದಾರಿ ಕಟ್ಟಿಹೋಗದಂತೆ ನೋಡಿಕೊಳ್ಳಬೇಕು. 2010ರಲ್ಲಿ ಕಣಿವೆಗೆ ಮೊದಲು ಧಾವಿಸಿದವರು ಸುತ್ತಲಿನ ಹಳ್ಳಿಗರೇ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಅಂತಹ ನೆರವು ಪರಿಣಾಮಕಾರಿಯಾಗಲು ತರಬೇತಿಯೂ ಅಗತ್ಯ.

ಪ್ರಯಾಣಿಕರೂ ಒಂದು ಸಂಗತಿಯನ್ನು ಅರಿತಿರಬೇಕು. ಇಳಿಯಬೇಕಾದ ವಿಮಾನವು ಕೊನೆಯ ಕ್ಷಣದಲ್ಲಿ ಮತ್ತೆ ಮೇಲೇರಿದರೆ, ಇಲ್ಲವೆ ಮಂಗಳೂರಿನ ಬದಲು ಬೆಂಗಳೂರಿಗೆ ಹೋಗಿ ಇಳಿದರೆ, ಅದು ಚಾಲಕನ ವೈಫಲ್ಯವಲ್ಲ. ಬೆಟ್ಟದ ನಿಲ್ದಾಣದಲ್ಲಿ ಅದೇ ಸರಿಯಾದ ನಿರ್ಧಾರ. ತಡವಾಯಿತೆಂದು ಸಿಬ್ಬಂದಿಯ ಮೇಲೆ ಹರಿಹಾಯುವುದು ಸಲ್ಲದು.

ಮಂಗಳೂರಿನ ಕೂಳೂರು ಸಮೀಪ, ನದಿಯ ದಂಡೆಯಲ್ಲಿ, ಮೇ 22ರ ದುರಂತದಲ್ಲಿ ಮಡಿದವರ ಸ್ಮಾರಕ ಉದ್ಯಾನವಿದೆ. ಗುರುತು ಸಿಗದ ದೇಹಗಳನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಪ್ರತಿ ವರ್ಷ ಆ ದಿನದಂದು ಅಲ್ಲಿ ಶ್ರದ್ಧಾಂಜಲಿ ಸಲ್ಲಿಸಲಾಗುತ್ತದೆ. ಬೆಟ್ಟವು ರನ್‌ವೇಗೆ ಒದಗಿಸಲಾಗದ ಉದ್ದವನ್ನು ಶಿಸ್ತಿನಿಂದ, ಸಕಾಲಿಕ ದುರಸ್ತಿಯಿಂದ ಮತ್ತು ತುದಿಯಾಚೆಗಿನ ಸುರಕ್ಷಾ ಪ್ರದೇಶದಿಂದ ತುಂಬಿಕೊಡುವುದೇ ಮಡಿದವರಿಗೆ ಸಲ್ಲಿಸಬಹುದಾದ ನಿಜವಾದ ಗೌರವವಾಗಿದೆ.